ಮೂರು ಬಟ್ಟಲು, ಒಂದೇ ಕೈ

ಭದ್ರಾವತಿ
ಮಂಗಳವಾರ, ೧೮ ಫೆಬ್ರವರಿ ೨೦೨೫

ಸಿಟ್ಟಿದ್ದರೂ ಪ್ರೀತಿಯ ಸೌಂದರ್ಯಾ,

ನಿಮ್ಮ ಮನೆಯವರು ಮಾಡಿದ್ದು ಅನ್ಯಾಯ. ಮೊಸರು ಹೆಪ್ಪಾಗಲಿಲ್ಲ ಅಂತ ನನ್ನ ಅಮ್ಮನನ್ನು ಕೆಲಸದಿಂದ ತೆಗೆದಿರಿ. ಹುಲಿಗೆಮ್ಮನ ಕೈಗುಣ ಸರಿಯಿಲ್ಲ, ಅವಳು ಮುಟ್ಟಿದ ಹಾಲು ನೀರಾಗುತ್ತೆ ಅಂತ ಸವಳಂಗ ರಸ್ತೆಯ ನಿಮ್ಮ ಡೈರಿಯಲ್ಲಿ ನಿಮ್ಮಮ್ಮ ಎಲ್ಲರೆದುರು ಅಂದಾಗ ನೀನು ಅಲ್ಲೇ ತಲೆ ತಗ್ಗಿಸಿ ನಿಂತಿದ್ದೆ. ನಾನು ಫೋನಿನಲ್ಲಿ ಕೂಗಾಡಿದೆ, ನೀನು ನನ್ನ ನಂಬರ್ ಬ್ಲಾಕ್ ಮಾಡಿದೆ. ಪತ್ರವನ್ನು ಬ್ಲಾಕ್ ಮಾಡೋಕೆ ಬರಲ್ಲ. ಓದು.

ಕಳ್ಳ ಸಿಕ್ಕಿದ್ದಾನೆ ಮಾರಾಯ್ತಿ! ವಿಜ್ಞಾನ ಜಾಥಾದಲ್ಲಿ ಹಂಚಿದ ಕಿರುಪುಸ್ತಕದಲ್ಲೇ ಕೂತಿದ್ದ. ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾಕ್ಕೂ ಒಂದು ವೈರಸ್ ಕಾಟ ಇದೆಯಂತೆ. ನಮಗೇನೂ ಮಾಡಲ್ಲ. ಅದಕ್ಕೆ ಕಣ್ಣಿಲ್ಲ, ಹಾಲಿನಲ್ಲಿ ತೇಲುತ್ತಾ ಬಾಲದ ತುದಿಯಿಂದ ಸಿಕ್ಕಿದ್ದನ್ನೆಲ್ಲ ತಡವುತ್ತದೆ. ಬ್ಯಾಕ್ಟೀರಿಯಾದ ಮೈಮೇಲಿನ ಸಕ್ಕರೆಯ ಎಳೆಗೆ ಮೊದಲು ಸಡಿಲವಾಗಿ ತಗುಲಿಕೊಳ್ಳುತ್ತದೆ. ಆಮೇಲೆ ತನ್ನ ತುದಿಗೆ ಒಪ್ಪುವ ಆಕಾರದ ಪ್ರೋಟೀನು ಸಿಕ್ಕಿತೋ, ಮುಗಿಯಿತು, ಬಿಡುವ ಮಾತೇ ಇಲ್ಲ! ತನ್ನ ಜೀನನ್ನು ಒಳಗೆ ನುಗ್ಗಿಸಿ, ಅಲ್ಲೇ ಮರಿಹಾಕಿ, ಬ್ಯಾಕ್ಟೀರಿಯಾವನ್ನು ಒಡೆದುಕೊಂಡು ಹೊರಗೆ ಬರುತ್ತದೆ. ಆ ಪ್ರೋಟೀನಿನ ಆಕಾರ ಬೇರೆಯಾಗಿದ್ದರೆ ಪಕ್ಕದಲ್ಲೇ ಇದ್ದರೂ ಹಿಡಿಯಲು ಬಾರದು.

ನಿಮ್ಮ ಡೈರಿಯಲ್ಲಿ ನಿನ್ನೆಯ ಮೊಸರೇ ಇವತ್ತಿನ ಹೆಪ್ಪು. ಒಮ್ಮೆ ವೈರಸ್ ಸೇರಿಕೊಂಡರೆ ಹೆಪ್ಪಿನ ಜೊತೆ ಅದೂ ದಿನಾ ಪಾತ್ರೆಯಿಂದ ಪಾತ್ರೆಗೆ ಹೋಗುತ್ತದೆ ಅಲ್ವಾ?

ಪರೀಕ್ಷೆ ಮಾಡಿಯೇ ಬಿಟ್ಟೆ. ಚೆಲ್ಲು ಅಂತ ಕೊಟ್ಟ ಕೆಟ್ಟ ಹಾಲನ್ನು ಅಮ್ಮ ಒಂದು ಬಾಟಲಿ ತಂದಿದ್ದಳು. ಡೈರಿಯ ಹೆಪ್ಪಿಗೆ ಮೂಲವಾದ, ಇನ್ನೂ ಕೆಡದ ನಿಮ್ಮ ಮನೆಯ ಹೆಪ್ಪನ್ನು ನಿಮ್ಮಪ್ಪ ಮುರುಗೇಶಪ್ಪನವರೇ ಡಬ್ಬಿಗೆ ಹಾಕಿಕೊಟ್ಟರು. ಯಾಕೆ ಅಂತ ಕೇಳಲಿಲ್ಲ, ನಿಮ್ಮಮ್ಮ ಬರುವಷ್ಟರಲ್ಲಿ ಜಾಗ ಖಾಲಿ ಮಾಡು ಅಂದರು ಅಷ್ಟೆ.

ಕಾಯಿಸಿ ಆರಿಸಿದ ಒಂದೇ ಹಾಲು, ಮೂರು ಬಟ್ಟಲು. ಮೊದಲನೆಯದಕ್ಕೆ ಬರೀ ನಿಮ್ಮ ಹೆಪ್ಪು. ಎರಡನೆಯದಕ್ಕೆ ನಿಮ್ಮ ಹೆಪ್ಪಿನ ಜೊತೆ ಒಂದು ಚಮಚ ಕೆಟ್ಟ ಹಾಲು. ಮೂರನೆಯದಕ್ಕೆ ಅದೇ ಕೆಟ್ಟ ಹಾಲು, ಆದರೆ ನಮ್ಮ ಮನೆಯ ಹೆಪ್ಪು. ಮೂರನ್ನೂ ಕಲಕಿದ್ದು ಅಮ್ಮ. ಹಾಲು ಹೆಪ್ಪಾಗೋಕೆ ಇಷ್ಟು ಭಾಷಣ ಬೇಕೇನೇ ಅಂತ ಬೈಯುತ್ತಲೇ ಕಲಕಿದಳು. ಬೆಳಿಗ್ಗೆ ನೋಡಿದರೆ ಮೊದಲನೆಯದು ಗಟ್ಟಿ. ಎರಡನೆಯದು ನೀರು. ಮೂರನೆಯದು ಬಟ್ಟಲು ಬೋರಲು ಹಾಕಿದರೂ ಬೀಳಲಿಲ್ಲ! ನಾನು ಕಿರುಚಿದ ರಭಸಕ್ಕೆ ಪಕ್ಕದ ಮನೆಯ ಶಾಮಲಕ್ಕ ಹಾವು ಬಂತೆಂದು ಕೋಲು ಹಿಡಿದು ಓಡಿ ಬಂದರು.

ನಮ್ಮ ಹೆಪ್ಪಿನ ಬ್ಯಾಕ್ಟೀರಿಯಾದ ಪ್ರೋಟೀನು ಆ ವೈರಸ್ಸಿನ ತುದಿಗೆ ಒಪ್ಪಲಿಲ್ಲ ಅನ್ನಿಸುತ್ತೆ. ವೈರಸ್ಸನ್ನು ನಾನು ಕಂಡಿಲ್ಲ, ಅದನ್ನು ಲ್ಯಾಬಿನವರೇ ಹೇಳಬೇಕು. ತಪ್ಪು ಅಮ್ಮನ ಕೈಯದಲ್ಲ ಅನ್ನುವುದಕ್ಕೆ ಯಾವ ಲ್ಯಾಬೂ ಬೇಡ. ಪಾತ್ರೆಗಳನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆದು ಬೇರೆ ಹೆಪ್ಪು ಹಾಕಿ. ನಮ್ಮ ಮನೆಯದೇ ಕೊಡುತ್ತೇವೆ. ಆದರೆ ಎಲ್ಲರೆದುರು ಅಂದ ಮಾತನ್ನು ನಿಮ್ಮಮ್ಮ ಎಲ್ಲರೆದುರೇ ವಾಪಸ್ ತೆಗೆದುಕೊಳ್ಳಬೇಕು. ಆಮೇಲೆ ಕೆಲಸಕ್ಕೆ ಹೋಗುವುದು ಬಿಡುವುದು ಅಮ್ಮನ ಇಷ್ಟ.

ಜಗಳಗಂಟಿಯಾದರೂ ನಿನ್ನ ಗೆಳತಿ,
ಸಮತಾ

ತಾ.ಕ.: ಈ ಬಟ್ಟಲುಗಳನ್ನು ಡೈರಿಗೇ ತಂದು ತೋರಿಸಬಹುದಿತ್ತು. ಆದರೂ ನಿನ್ನನ್ನೇ ನಮ್ಮ ಮನೆಗೆ ಕರೆಯುತ್ತಿದ್ದೇನೆ, ಅದು ವಿಜ್ಞಾನಕ್ಕಲ್ಲ. ಕಾಲೇಜಿನ ದಿನಗಳಿಂದ ಎಷ್ಟು ಸಲ ನಮ್ಮ ಮನೆಗೆ ಬಂದಿದ್ದೀಯ, ಒಂದು ಲೋಟ ಮಜ್ಜಿಗೆ ಕುಡಿದಿಲ್ಲ. ಹೊಟ್ಟೆ ತುಂಬಿದೆ ಅನ್ನುತ್ತಿದ್ದೆ. ನಾನೂ ನಂಬಿದವಳಂತೆ ಲೋಟ ಎತ್ತಿ ಒಳಗಿಡುತ್ತಿದ್ದೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಭದ್ರಾವತಿ ಬಸ್‌ಸ್ಟ್ಯಾಂಡಿನಲ್ಲಿ ಕಾಯ್ತಿರ್ತೀನಿ. ತಿಂಡಿ ತಿನ್ನದೆ ಬಾ.