ಶೇಡಬಾಳದವರು ಬಂದು ಹೋದ ಮೇಲೆ

ರೀ,

ನೀವು ತೀರಿಕೊಂಡ ಮೇಲೆ ನಮ್ಮ ಸೋನಾಲಿಗೆ ಬಂದ ಮೊದಲ ಸಂಬಂಧ ಇದು. ಶೇಡಬಾಳದವರು ಇವತ್ತು ಅವಳನ್ನು ನೋಡಲು ಬಂದಿದ್ದರು. ಹೊಟ್ಟೆಯ ಮೇಲಿನ ಗಾಯದ ಗುರುತು ಕಾಣದಂತೆ ನಾನೇ ಅವಳಿಗೆ ಸೀರೆಯನ್ನು ಮೇಲಕ್ಕೆ ಉಡಿಸಿದ್ದೆ. ಅವಲಕ್ಕಿ ತಿನ್ನುತ್ತ ಹುಡುಗನ ತಾಯಿ, "ಹುಡಿಗಿಗೆ ಏನರ ಬ್ಯಾನಿ ಗೀನಿ ಆಗಿತ್ತೇನ್ರಿ?" ಎಂದರು.

"ಏನಿಲ್ರಿ, ನೆಗಡಿ ಸೈತ ಬರೂದಿಲ್ಲ" ಎಂದೆ.

ಸೋನಾಲಿ ತಲೆ ಎತ್ತಿದಳು. "ಆಗಿತ್ರಿ. ಸಣ್ಣಾಕಿದ್ದಾಗ ಪಿತ್ತನಾಳ ಉಬ್ಬಿತ್ತು. ಅದನ್ನ ತಗದು ಕರುಳ ಜೋಡಿಸ್ಯಾರ. ಈಗ ಆರಾಮ ಅದೀನ್ರಿ."

ಅವರು "ತಿಳಸ್ತೀವ್ರಿ" ಎಂದು ಎದ್ದು ಹೋದರು. ನಾನು ಅವಳ ಮೇಲೆ ರೇಗಿದೆ. ತಟ್ಟೆಗಳನ್ನು ಎತ್ತುತ್ತ ಅವಳು ಕೇಳಿದಳು: "ಅವ್ವಾ, ಆ ಆಪರೇಶನ್ ಆಗದಿದ್ರ ಇವತ್ತ ಯಾರನ್ನ ತೋರಸ್ತಿದ್ದಿ?"

ಅವಳ ಕೋಣೆಯ ಬಾಗಿಲು ತೆರೆದೇ ಇದೆ. ಒಳಗೆ ಹೋಗಲು ನನಗೆ ಮುಖವಿಲ್ಲ.