ಕಾಫಿ ಚರಟದ ಕೆಳಗೆ

ಹಾಲ್ಬ್ರುಕ್, ಅಯೋವಾ
ಸೋಮವಾರ, ಮೇ 12, 1986

ಪ್ರೀತಿಯ ಲವೋನ್ ಅಕ್ಕನಿಗೆ,

ನಿನ್ನ ತಂಗಿ ಅರ್ಡಿಸ್ ಮಾಡುವ ನಮಸ್ಕಾರ. ಮೊದಲು ನಿನ್ನ ಮೊಣಕಾಲು ಹೇಗಿದೆ ಹೇಳು. ಡುಲೂತ್‌ನಲ್ಲಿ ಇನ್ನೂ ಚಳಿ ಬಿಟ್ಟಿಲ್ಲವೆಂದು ರೇಡಿಯೋದಲ್ಲಿ ಕೇಳಿದೆ, ಕೇಳಿದ ಕೂಡಲೇ ನಿನ್ನ ಮೊಣಕಾಲೇ ನೆನಪಾಯಿತು. ಅವಳಿ ಕೂಸುಗಳಿಗೆ ರಾತ್ರಿ ನಿದ್ದೆ ಬರುತ್ತಿದೆಯೇ? ನಿನ್ನ ಮಗಳು ಸರಿಯಾಗಿ ಊಟ ಮಾಡುತ್ತಿದ್ದಾಳೆಯೇ? ಬಾಣಂತನಕ್ಕೆಂದು ಹೋದವಳು ಈಸ್ಟರ್ ಮುಗಿಯುತ್ತಿದ್ದ ಹಾಗೆ ಬರುತ್ತೇನೆ ಎಂದಿದ್ದೆ. ಈಗ ನೋಡಿದರೆ ಅಲ್ಲೇ ಬೇರು ಬಿಟ್ಟ ಹಾಗಿದೆ. ಬೈಯುತ್ತಿಲ್ಲ, ಸುಮ್ಮನೆ ಹೇಳಿದೆ. ಫೋನ್ ಮಾಡಬಾರದಿತ್ತೇ ಎಂದು ನೀನು ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ. ನಮ್ಮ ಫೋನ್ ಇರುವುದು ಅಡುಗೆಮನೆಯ ಗೋಡೆಗೆ, ಅದರ ಕೆಳಗೇ ನಮ್ಮ ಯಜಮಾನರು ಡೆಲ್ಮರ್ ಅವರ ಕುರ್ಚಿ. ಕೆಲಸ ಬಿಟ್ಟ ಮೇಲೆ ಇವರು ಆ ಕುರ್ಚಿಗೇ ಅಂಟಿಕೊಂಡಿದ್ದಾರೆ. ಅದಕ್ಕೇ ನೆಲಮಾಳಿಗೆಗೆ ಇಳಿದು, ಬಟ್ಟೆ ಒಗೆಯುವ ಮೆಷಿನ್ನಿನ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಮೆಷಿನ್ ಕುಣಿಯುವುದರಿಂದ ಅಕ್ಷರವೂ ಕುಣಿದಿದೆ, ಹೊಂದಿಸಿಕೊಂಡು ಓದು.

ಊರಿನ ಸುದ್ದಿಯೆಂದರೆ ಈಗ ಒಂದೇ. ನಮ್ಮ ಮೊಮ್ಮಗಳು ರೆನೆ ಹೈಸ್ಕೂಲು ಮುಗಿಸಿದಳು, ಬರುವ ಭಾನುವಾರ ಮಗನ ಮನೆಯಲ್ಲಿ ಅದರ ಸಂತೋಷಕೂಟ. ನಿನಗೆ ಗೊತ್ತಲ್ಲ, ಅವತ್ತು ಬಾಗಿಲು ತೆರೆದಿಟ್ಟರೆ ಊರಿಗೆ ಊರೇ ಬರುತ್ತದೆ. ಗ್ಯಾರೇಜಿನಲ್ಲಿ ಉದ್ದನೆಯ ಮೇಜು, ಒಂದು ತುದಿಗೆ ಕೇಕು, ಇನ್ನೊಂದು ತುದಿಗೆ ಕರೆಂಟಿನ ದೊಡ್ಡ ಪಾತ್ರೆಗಳಲ್ಲಿ ಟೊಮೆಟೊ ಸಾಸಿನಲ್ಲಿ ಕುದಿಯುವ ದನದ ಕೈಮಾ, ಪಕ್ಕದಲ್ಲಿ ಬನ್ನಿನ ರಾಶಿ. ಕೈಮಾ ನನ್ನದೇ ಆಗಬೇಕು ಅಂತ ರೆನೆ ಹಟ ಹಿಡಿದಿದ್ದಾಳೆ. "ಅಜ್ಜಿ, ನಿನ್ನ ಖಾರದ್ದೇ ಬೇಕು, ಬೇರೆಯವರ ಮನೇದೆಲ್ಲ ಸಿಹಿ ಗಂಜಿ ಇದ್ದಂಗೆ ಇರತ್ತೆ" ಅಂದಳು. ನಾನು ಉಬ್ಬಿಹೋದೆ. ಮಾರನೆಯ ದಿನ ಸೊಸೆ ಜೋಲೀನ್ ಬಂದು, "ಅತ್ತೆ, ನೀವ್ಯಾಕೆ ಸುಮ್ನೆ ಅಷ್ಟೊಂದು ಕಷ್ಟ ಪಡ್ತೀರಿ, ಡಬ್ಬಿ ಸಾಸ್ ತಂದು ಸುರಿದ್ರಾಯ್ತು, ಯಾರಿಗೂ ಗೊತ್ತಾಗಲ್ಲ" ಅಂದಳು. ಒಳ್ಳೆಯ ಹುಡುಗಿ. ಹೇಳುವಾಗ ನನ್ನ ಮುಖ ನೋಡಲಿಲ್ಲ, ಟವೆಲ್ ಮಡಿಸುತ್ತ ಹೇಳಿದಳು, ಅದೂ ಮಡಿಸಿಟ್ಟ ಟವೆಲನ್ನೇ ಬಿಚ್ಚಿ ಮತ್ತೆ ಮಡಿಸುತ್ತ.

ನಮ್ಮ ಮನೆಯ ಕೈಮಾಕ್ಕೆ ಈ ಊರಿನಲ್ಲಿ ಎಂಥ ಹೆಸರಿತ್ತು ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಕರಿಮೆಣಸು ಬಿದ್ದರೇ ಸಾಹಸವೆನ್ನುವ ಜನರ ನಡುವೆ ಅಮ್ಮನೊಬ್ಬಳೇ ಕೆಂಪು ಮೆಣಸಿನಕಾಯಿ ಹಾಕುತ್ತಿದ್ದಳು. ರೈಲ್ವೆ ಯಾರ್ಡಿನಲ್ಲಿ ಅಪ್ಪನ ಜೊತೆ ಹಳಿ ಕೆಲಸಕ್ಕಿದ್ದ ಒರೊಸ್ಕೊ ವರ್ಷ ವರ್ಷ ತಂದುಕೊಡುತ್ತಿದ್ದ ಒಣಮೆಣಸಿನಕಾಯಿ. ಅದನ್ನು ಹುರಿದು ಪುಡಿ ಮಾಡಿ, ಕೈಮಾ ಕಂದುಬಣ್ಣಕ್ಕೆ ತಿರುಗಿ ಈರುಳ್ಳಿ ಮೆತ್ತಗಾದ ಮೇಲೆ ಹಾಕಬೇಕು. ಆಮೇಲೆ ಟೊಮೆಟೊ, ವಿನೆಗರ್, ಸಾಸಿವೆ ಪುಡಿ, ಚಿಟಿಕೆ ಕಂದು ಸಕ್ಕರೆ. ಅಳತೆ ಅಂತ ಅಮ್ಮ ಯಾವತ್ತೂ ಹೇಳಿಕೊಡಲಿಲ್ಲ. "ಆವಿ ಮೂಗಿಗೆ ಬಂದಾಗ ಸೀನು ಬರೋ ಹಾಗಿರ್ಬೇಕು, ಆದ್ರೆ ಸೀನಬಾರ್ದು" ಅನ್ನುತ್ತಿದ್ದಳು. ನಲವತ್ತು ವರ್ಷ ನಾನೂ ಹಾಗೇ ಮಾಡಿದೆ. ಪಾತ್ರೆಯ ಮೇಲೆ ಬಗ್ಗಿ ಒಂದು ಸಲ ಉಸಿರೆಳೆದರೆ ಸಾಕಾಗಿತ್ತು, ಚಮಚ ಬಾಯಿಗಿಡುವುದು ಬರೀ ಶಾಸ್ತ್ರಕ್ಕೆ.

ಈಗ ಹೇಳುತ್ತೇನೆ ಕೇಳು. ಕಳೆದ ತಿಂಗಳು ಚರ್ಚಿನ ನೆಲಮಾಳಿಗೆಯಲ್ಲಿ ಬೆಂಕಿ ಆರಿಸುವ ತಂಡದವರಿಗೆ ಊಟ ಇತ್ತು. ಕೈಮಾ ಯಥಾಪ್ರಕಾರ ನನ್ನ ಪಾಲಿಗೆ. ಎಲ್ಲರೂ ತಿಂದರು, ಎಲ್ಲರೂ ಹೊಗಳಿದರು. ಯೂನಿಸ್ ಟೊರ್ಗರ್ಸನ್ ಅಂತೂ ನನ್ನ ಕೈ ಹಿಡಿದುಕೊಂಡು, "ಅರ್ಡಿಸ್, ಇವತ್ತಿನದ್ರಲ್ಲಿ ಏನೋ ವಿಶೇಷ ಇದೆ ಕಣೆ" ಅಂದಳು. ಹೊಸ ಪಾದ್ರಿ ಕಣ್ಣೊರೆಸಿಕೊಳ್ಳುತ್ತ ಎರಡನೆಯ ಬನ್ನು ಮುಗಿಸಿದರು. ಹಾಲಿನ ಕ್ಯಾನು ಅರ್ಧ ಊಟಕ್ಕೇ ಖಾಲಿಯಾಯಿತು, ಯಾರೋ ಹುಡುಗರು ಕುಡಿದಿರಬೇಕು ಅಂದುಕೊಂಡೆ. ಎಲ್ಲ ಮುಗಿದ ಮೇಲೆ ಕಸದ ಚೀಲ ಎತ್ತಲು ಹೋದೆ. ಅದು ಎಂದಿಗಿಂತ ಭಾರವಾಗಿತ್ತು, ಎತ್ತುತ್ತಿದ್ದ ಹಾಗೆ ಹರಿಯಿತು. ಮೇಲೆ ಕಾಫಿ ಚರಟ ಸುರಿದಿದ್ದರು. ಅದರ ಕೆಳಗಿನಿಂದ ಪೇಪರ್ ನ್ಯಾಪ್ಕಿನ್ನಿನಲ್ಲಿ ಅಚ್ಚುಕಟ್ಟಾಗಿ ಸುತ್ತಿದ ಪೊಟ್ಟಣಗಳು ಒಂದೊಂದಾಗಿ ಉರುಳಿದವು. ಬಿಚ್ಚಿ ನೋಡಿದೆ. ಬನ್ನು ತಿಂದಿದ್ದರು, ಕೈಮಾ ಪೂರ್ತಿ ಹಾಗೇ ಇತ್ತು. ನಮ್ಮ ಜನರ ಮರ್ಯಾದೆ ನಿನಗೆ ಗೊತ್ತು. ತಟ್ಟೆಯಲ್ಲಿ ಬಿಟ್ಟರೆ ಅಡುಗೆಯವಳಿಗೆ ನೋವಾಗುತ್ತದೆ ಅಂತ ಸುತ್ತಿ, ಕಸದಲ್ಲಿ ಕಂಡರೂ ನೋವಾಗುತ್ತದೆ ಅಂತ ಮೇಲೆ ಚರಟ ಸುರಿದಿದ್ದರು. ಒಂದು ನ್ಯಾಪ್ಕಿನ್ನಿನ ಮೇಲೆ ಯೂನಿಸಳ ತುಟಿಬಣ್ಣ ಇತ್ತು. ಈ ಊರಿನಲ್ಲಿ ಆ ಕಿತ್ತಳೆ ಬಣ್ಣ ಬಳಿದುಕೊಳ್ಳುವವಳು ಅವಳೊಬ್ಬಳೇ. ನಾನು ಎಲ್ಲವನ್ನೂ ಬೇರೆ ಚೀಲಕ್ಕೆ ತುಂಬಿ, ಚರಟವನ್ನೂ ಮೇಲೆ ಮೊದಲಿನ ಹಾಗೇ ಸುರಿದು, ಕೈ ತೊಳೆದುಕೊಂಡು ಮನೆಗೆ ಬಂದೆ. ನಾನೂ ಅವರ ಪೈಕಿಯೇ ತಾನೇ.

ಮನೆಗೆ ಬಂದು ಈರುಳ್ಳಿ ಕುಯ್ದು ಮೂಗಿಗೆ ಹಿಡಿದೆ. ಕಣ್ಣು ಉರಿಯಿತು, ವಾಸನೆ ಇಲ್ಲ. ಕಾಫಿ ಪುಡಿಯ ಡಬ್ಬಿಗೇ ಮೂಗಿಟ್ಟೆ, ಮಣ್ಣಿಗೂ ಒಂದು ವಾಸನೆ ಇರುತ್ತದೆ, ಅದೂ ಇಲ್ಲ. ಉಪ್ಪು, ಹುಳಿ, ಸಿಹಿ ನಾಲಿಗೆಗೆ ತಿಳಿಯುತ್ತದೆ, ಆದರೆ ಕಣ್ಣು ಮುಚ್ಚಿಕೊಂಡು ಅಗಿದರೆ ಈರುಳ್ಳಿ ಯಾವುದು ಸೇಬು ಯಾವುದು ಅಂತ ಹೇಳಲಾರೆ. ಫೆಬ್ರವರಿಯಲ್ಲಿ ಜ್ವರ ಬಂದು ಮಲಗಿದ್ದೆನಲ್ಲ, ಆಗಿನಿಂದ ಊಟ ಸಪ್ಪೆ ಅನಿಸುತ್ತಿತ್ತು. ಬಾಯಿ ಕೆಟ್ಟಿದೆ, ಸರಿಹೋಗುತ್ತದೆ ಅಂದುಕೊಂಡಿದ್ದೆ. ಇಷ್ಟು ದಿನ ನನಗೆ ಮುಟ್ಟುತ್ತಿದ್ದದ್ದು ಮೆಣಸಿನಕಾಯಿಯ ಉರಿ ಮಾತ್ರ. ಏನಾದರೂ ಒಂದು ತಿಳಿಯಲಿ ಅಂತ ಕೈ ತನ್ನಷ್ಟಕ್ಕೆ ಡಬ್ಬಿಗೆ ಹೋಗುತ್ತಿತ್ತು, ಇನ್ನೊಂದು ಚಮಚ, ಮತ್ತೊಂದು ಚಮಚ. ಪಾಪ, ಆ ಬೆಂಕಿ ತಂಡದವರಿಗೆ ನಾನು ಬೆಂಕಿಯನ್ನೇ ಬಡಿಸಿದ್ದೆ.

ಇವರನ್ನು ಪರೀಕ್ಷೆ ಮಾಡಿದೆ. ತಪ್ಪು ತಿಳಿಯಬೇಡ, ಬೇರೆ ದಾರಿ ಕಾಣಲಿಲ್ಲ. ಮಂಗಳವಾರ ಉಪ್ಪೇ ಹಾಕದೆ ಕೈಮಾ ಮಾಡಿ ಮುಂದಿಟ್ಟೆ. ಹೇಗಿದೆ ಅಂದೆ. "ಚೆನ್ನಾಗಿದೆ" ಅಂದರು. ಗುರುವಾರ ಉಪ್ಪು ಹಿಡಿಗಟ್ಟಲೆ ಸುರಿದೆ. "ಚೆನ್ನಾಗಿದೆ ಕಣೆ" ಅಂದರು, ಎದ್ದು ಹೋಗಿ ನಲ್ಲಿಯಲ್ಲಿ ಲೋಟ ತುಂಬಿಕೊಂಡು ಬಂದು ಮತ್ತೆ ಕೂತರು, ತಟ್ಟೆ ಖಾಲಿ ಮಾಡಿದರು. ನನಗೆ ಅಳುವೂ ಬಂತು, ಆ ತಟ್ಟೆ ಎತ್ತಿ ಇವರ ತಲೆಯ ಮೇಲೆ ಕವುಚುವಷ್ಟು ಸಿಟ್ಟೂ ಬಂತು. ಫೆಬ್ರವರಿಯಿಂದ ಈ ಮನುಷ್ಯ ದಿನಾ ಎರಡು ಹೊತ್ತು ಏನು ತಿನ್ನುತ್ತಿದ್ದಾರೋ ದೇವರಿಗೇ ಗೊತ್ತು. ಸ್ವಲ್ಪ ಇಳಿದಿದ್ದಾರೆ ಕೂಡ, ಬೆಲ್ಟಿಗೆ ಹೊಸ ತೂತು ಮಾಡಿಕೊಂಡಿದ್ದಾರೆ. ಕೇಳಿದರೆ "ವಯಸ್ಸಾಯ್ತಲ್ಲ" ಅನ್ನುತ್ತಾರೆ. ನಲವತ್ತು ವರ್ಷ ನನ್ನ ಅಡುಗೆಯನ್ನು ಹೊಗಳಿದ್ದಾರಲ್ಲ, ಅದರಲ್ಲಿ ನಿಜ ಎಷ್ಟಿತ್ತು ಅಂತ ಈಗ ಯೋಚನೆ ಹತ್ತಿದೆ. ಈ ವಯಸ್ಸಿನಲ್ಲಿ ಇಂಥ ಯೋಚನೆ ಬೇಕಿತ್ತಾ ನನಗೆ?

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ನನ್ನ ನಿದ್ದೆ ಕೆಡಿಸಿರುವುದು ಅಮ್ಮ. ಅವಳಿಗೂ ಶುರುವಾದದ್ದು ಹೀಗೇ ಅಲ್ಲವೇ? ಒಡೆದ ಹಾಲನ್ನು ಕಾಫಿಗೆ ಸುರಿದಳು, ಕೇಕು ಕರಕಲಾಗುತ್ತಿದ್ದರೂ ಒಲೆಯ ಮುಂದೆಯೇ ನಿಂತು ಹಾಡಿಕೊಳ್ಳುತ್ತಿದ್ದಳು. ಮುಂದಿನ ಚಳಿಗಾಲದ ಹೊತ್ತಿಗೆ ನಿನ್ನನ್ನು ಚಿಕ್ಕಮ್ಮನ ಹೆಸರಿನಿಂದ ಕರೆಯತೊಡಗಿದಳು. ನಾವೆಲ್ಲ ಕರಕಲು ಕೇಕನ್ನೇ ತಿಂದು ಬಾಯಿ ಒರೆಸಿಕೊಂಡೆವು. ನೀನೊಬ್ಬಳೇ ಕ್ರಿಸ್ಮಸ್ ಊಟದಲ್ಲಿ ಎಲ್ಲರೆದುರು, "ಅಮ್ಮನಿಗೆ ಏನೋ ಆಗಿದೆ, ನೀವ್ಯಾರೂ ಹೇಳಲ್ಲ, ಡಾಕ್ಟರ ಹತ್ರ ಕರ್ಕೊಂಡು ಹೋಗೋಣ" ಅಂದೆ. ಮನೆಯವರೆಲ್ಲ ನಿನ್ನನ್ನು ನೋಡಿದ ರೀತಿ ನನಗೆ ಇನ್ನೂ ನೆನಪಿದೆ. ಈಗ ದಿನಾ ಬೆಳಿಗ್ಗೆ ಎದ್ದ ಕೂಡಲೇ ಮಕ್ಕಳ, ಮೊಮ್ಮಕ್ಕಳ ಹೆಸರುಗಳನ್ನು ಸಾಲಾಗಿ ಹೇಳಿಕೊಳ್ಳುತ್ತೇನೆ. ನಿನ್ನೆ ರೆನೆಯ ತಮ್ಮನ ಹೆಸರು ಬರುವುದು ತುಸು ತಡವಾಯಿತು. ಎಲ್ಲರಿಗೂ ಒಮ್ಮೊಮ್ಮೆ ಹಾಗಾಗುತ್ತದೆ, ಅಲ್ಲವೇ? ಬರೀ ಜ್ವರದ ಉಳಿಕೆಯೂ ಇರಬಹುದು. ಡಾಕ್ಟರಿಗೆ ತೋರಿಸಬೇಕು ಅಂತ ಒಂದು ಸಲ ಹೊರಟೆ, ಅವರ ಆಫೀಸಿನಲ್ಲಿ ಹೆಸರು ಬರೆದುಕೊಳ್ಳುವ ಕಿಟಕಿಯಲ್ಲಿ ಯೂನಿಸಳ ಮಗಳು ಕೂತಿದ್ದಳು. ಪಕ್ಕದ ಔಷಧದಂಗಡಿಗೆ ಬಂದವಳ ಹಾಗೆ ನಟಿಸಿ ಕೆಮ್ಮಿನ ಸಿಹಿಗುಳಿಗೆ ಕೊಂಡು ವಾಪಸ್ಸಾದೆ.

ಶನಿವಾರ ಬೆಳಿಗ್ಗೆ ಕೈಮಾ ಒಲೆಗೆ ಏರಿಸಬೇಕು. ಮಾಂಸದಂಗಡಿಗೆ ಹೇಳಿಯಾಗಿದೆ. ಕೈ ಅಳತೆಯಲ್ಲಿ ಮಾಡಿಬಿಡೋಣವೆಂದರೆ ನನ್ನ ಕೈಯನ್ನು ನಾನೇ ನಂಬುತ್ತಿಲ್ಲ. ಜೋಲೀನ್ ಹೇಳಿದ ಹಾಗೆ ಡಬ್ಬಿ ಸಾಸಿಗೆ ಒಪ್ಪಿಕೊಂಡರೆ ಎಲ್ಲ ಸಲೀಸು, ರೆನೆಯೂ ಎರಡು ದಿನ ಮುನಿಸಿಕೊಂಡು ಸರಿಹೋಗುತ್ತಾಳೆ. ಆದರೆ ಒಂದು ಸಲ ಪಾತ್ರೆ ಬಿಟ್ಟುಕೊಟ್ಟರೆ ಮುಂದೆ ಏನೇನು ಬಿಟ್ಟುಕೊಡಬೇಕೋ ಅಂತ ಭಯ. ಅಮ್ಮನ ಕೈಯಿಂದ ಮೊದಲು ಸೌಟು ತೆಗೆದುಕೊಂಡೆವು, ಆಮೇಲೆ ಬೀಗದ ಕೈ, ಕೊನೆಗೆ ಮನೆಯೇ. ನೀನು ಇಲ್ಲಿದ್ದಿದ್ದರೆ ಒಂದು ಚಮಚ ಬಾಯಿಗಿಟ್ಟು, "ಥೂ, ಏನೇ ಇದು, ಕುದುರೆಗೆ ಹಾಕ್ತೀಯಾ?" ಅಂದುಬಿಡುತ್ತಿದ್ದೆ. ನಾನು ಒಂದು ಗಂಟೆ ಮುಖ ಊದಿಸಿಕೊಂಡು ಆಮೇಲೆ ಸರಿ ಮಾಡುತ್ತಿದ್ದೆ. ಹಾಗಂತ ಅಷ್ಟು ದೂರದಿಂದ ನೀನು ಬರಬೇಕಾಗಿಲ್ಲ. ಎರಡು ಕೂಸುಗಳ ಆರೈಕೆ, ಮೊಣಕಾಲು ಬೇರೆ. ನಿನಗೆ ಅನುಕೂಲವಾಗಿ, ಮನಸ್ಸೂ ಬಂದರೆ ನೋಡು, ಇಲ್ಲದಿದ್ದರೆ ಏನೂ ತೊಂದರೆಯಿಲ್ಲ, ಹೇಗೋ ಆಗುತ್ತದೆ.

ಕೂಸುಗಳ ಅಂಗಾಲಿಗೆ ನನ್ನದೊಂದೊಂದು ಮುತ್ತು. ನಿನ್ನ ಮಗಳಿಗೆ ನನ್ನ ಆಶೀರ್ವಾದ, ಅಳಿಯನಿಗೆ ನೆನಪು. ಡೆಲ್ಮರ್ ಕೂಡ ನಿನ್ನನ್ನು ಕೇಳಿದ್ದಾರೆ. ಕಾಲಿಗೆ ಬಿಸಿನೀರಿನ ಶಾಖ ಕೊಟ್ಟುಕೋ, ಮರೆಯಬೇಡ.

ನಿನ್ನ ಪ್ರೀತಿಯ ತಂಗಿ,
ಅರ್ಡಿಸ್

ಮರೆತ ಮಾತು: ಅಂಚೆಚೀಟಿಗೆಂದು ಈಗ ಮೇಲೆ ಬಂದೆ. ಅಡುಗೆಮನೆಯ ಕಿಟಕಿಗಳೆಲ್ಲ ತೆರೆದಿದ್ದವು, ಹಿಂಬಾಗಿಲು ಮುಚ್ಚಿಕೊಳ್ಳದ ಹಾಗೆ ಕುರ್ಚಿ ಅಡ್ಡ ಇಟ್ಟಿತ್ತು. ಇವರು ಪೇಪರ್ ಮಡಿಸಿಕೊಂಡು ಒಲೆಯ ಮುಂದೆ ಬೀಸುತ್ತಿದ್ದರು. ಇವರು ಸೇದುವ ಹೊಗೆಸೊಪ್ಪಿನ ಪೈಪು ತುಂಬಿ ಮೇಜಿನ ಮೇಲಿತ್ತು, ಪಕ್ಕದಲ್ಲೇ ಬೆಂಕಿಪೊಟ್ಟಣ, ಇನ್ನೂ ಹಚ್ಚಿರಲಿಲ್ಲ. ಈ ಕಾಗದ ಬರೆಯಲು ಇಳಿಯುವ ಮೊದಲು ನಾನು ಕೆಟಲ್ ಇಟ್ಟಿದ್ದೆ. ಗ್ಯಾಸ್ ತಿರುಗಿಸಿದ್ದೇನೆ, ಹತ್ತಿಸಿಯೇ ಇಲ್ಲ. ಕೆಟಲ್ ತಣ್ಣಗೆ ಕೂತಿತ್ತು. ಏನ್ರೀ ಆಯ್ತು ಅಂದೆ. "ಏನಿಲ್ಲ ಕಣೆ, ಹೊರಗೆ ಗಾಳಿ ಚೆನ್ನಾಗಿತ್ತು, ಸುಮ್ನೆ ತೆಗ್ದೆ" ಅಂದರು. ಈಗ ಕುರ್ಚಿ ತಿರುಗಿಸಿಕೊಂಡು ಒಲೆಯನ್ನೇ ನೋಡುತ್ತ ಕೂತಿದ್ದಾರೆ, ಫೋನ್ ಮಾಡುವ ಹಾಗೂ ಇಲ್ಲ. ಇದನ್ನು ಮುಂಬಾಗಿಲಲ್ಲಿ ನಿಂತೇ ಬರೆಯುತ್ತಿದ್ದೇನೆ, ಅಂಚೆಯವನ ಗಾಡಿ ತಿರುವಿನಲ್ಲಿ ಕಾಣಿಸುತ್ತಿದೆ. ಅನುಕೂಲ ಆದರೆ ಅಂತ ಮೇಲೆ ಬರೆದದ್ದನ್ನು ಹೊಡೆದುಹಾಕು. ಈ ಕಾಗದ ಕೈಗೆ ಸಿಕ್ಕ ದಿನದ ಬಸ್ಸಿಗೇ ಹೊರಡು. ಕೈಮಾದ ಪಾಡು ಏನಾದರೂ ಆಗಲಿ, ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಒಲೆಯ ಹತ್ತಿರ ಹೋಗಬೇಡ ಅಂತ ಎಲ್ಲರೆದುರು ಹೇಳಬೇಕಾದರೆ ಹೇಳು. ಅವತ್ತು ಅಮ್ಮನ ವಿಷಯದಲ್ಲಿ ಯಾರೂ ನಿನ್ನ ಮಾತು ಕೇಳಲಿಲ್ಲ. ನಾನು ಕೇಳುತ್ತೇನೆ ಅಕ್ಕಾ.