ಶಬ್ದಗಳ ಮನೆತನ ಕಲಿಸಿದ ಹೆಳವಜ್ಜನಿಗೆ

ಪ್ರೀತಿಯ ಹೆಳವಜ್ಜಾ,

ನಾನು ಎರಡನೇ ಇಯತ್ತೆಯಲ್ಲಿದ್ದಾಗ ನೀವು ಮಸೂತಿಯ ನಮ್ಮ ಮನೆಗೆ ಬಂದಿದ್ದಿರಿ. ಸುಗ್ಗಿ ಮುಗಿದು ಜೋಳದ ಚೀಲಗಳು ಪಡಸಾಲೆ ಸೇರಿದ್ದವು. ಎತ್ತನ್ನು ಬೇವಿನ ಗಿಡಕ್ಕೆ ಕಟ್ಟಿ, ಕಟ್ಟೆಯ ಮೇಲೆ ಕುಳಿತು, ಕೆಂಪು ಅರಿವೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹೆಸರು ಹೇಳತೊಡಗಿದಿರಿ. ಹೆಳವರೆಂದರೆ ಮನೆಮನೆಯ ವಂಶಾವಳಿಯನ್ನು ಬರೆದಿಟ್ಟು ಕೆಲವು ವರ್ಷಕ್ಕೊಮ್ಮೆ ಬಂದು ಹೇಳಿ ಹೋಗುವವರು ಎಂದು ನನಗೆ ಯಾರೂ ತಿಳಿಸಿರಲಿಲ್ಲ. ಏನೋ ಮಂತ್ರ ಹೇಳುತ್ತಿದ್ದೀರಿ ಅಂದುಕೊಂಡಿದ್ದೆ. ಏಳು ತಲೆಮಾರು ಹೇಳಿದಿರಿ. ಯಾರು ಯಾವ ಊರು ಬಿಟ್ಟು ಬಂದರು, ಯಾಕೆ ಬಿಟ್ಟರು, ಯಾರ ಮಗ ಯಾರ ಹೊಲ ಉತ್ತ... ಪುಸ್ತಕದ ಆ ಗಂಟು ಬಿಚ್ಚಲೇ ಇಲ್ಲ. ಊರಿಗೆಲ್ಲ ಬೈದುಕೊಂಡು ತಿರುಗುತ್ತಿದ್ದ ನಮ್ಮ ಮುತ್ಯಾ, ಅಪ್ಪನ ಅಪ್ಪ, ತನ್ನ ಅಜ್ಜನ ಹೆಸರು ಬಂದಾಗ ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡ. ಅವನನ್ನು ಅಳಿಸಬಲ್ಲ ಮನುಷ್ಯನೊಬ್ಬ ಈ ಭೂಮಿಯ ಮೇಲೆ ಇದ್ದಾನೆ ಎಂಬುದೇ ನನಗೆ ಅವತ್ತಿನ ದೊಡ್ಡ ಸೋಜಿಗವಾಗಿತ್ತು.

ಸಾಲಿಯಲ್ಲಿ ಪಾಠ ಹೇಳುವ ಅಕ್ಕೋರಾಗಿ ನಾನು ಸಿಂದಗಿ ತಾಲೂಕಿನ ಹಳ್ಳಿಯೊಂದಕ್ಕೆ ಹೋದದ್ದು ನಿಮಗೆ ಗೊತ್ತಿತ್ತು. ಆಮೇಲಿನದು ಗೊತ್ತಿಲ್ಲ. ಸಮಾಜ ವಿಜ್ಞಾನ ಕಲಿಸುತ್ತ ಹಾಯಾಗಿದ್ದೆ. ಇಂಗ್ಲಿಷ್ ಮಾಸ್ತರರಿಗೆ ವರ್ಗವಾಯಿತು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಹೆಡ್‌ಮಾಸ್ತರರು ಒಂದು ಮುಂಜಾನೆ ಹಾಜರಿ ಪುಸ್ತಕದಿಂದ ತಲೆ ಎತ್ತದೆ, "ಅಕ್ಕೋರ, ಎಂಟನೇ ಕ್ಲಾಸಿನ ಇಂಗ್ಲಿಷ್ ಇನ್ನ ನೀವ ನೋಡ್ಕೊಳ್ರಿ" ಅಂದುಬಿಟ್ಟರು. ನನಗೋ ಆ ಭಾಷೆಯೆಂದರೆ ಕಾಲೇಜಿನಿಂದಲೂ ಎದೆ ಡವಡವ. ಆಗ ಮನೆ ಮಾಡಿಕೊಂಡಿದ್ದ ಮನಗೂಳಿಯಿಂದ ಸಿಂದಗಿಯ ಬಸ್ಸು ಹತ್ತಿ ದಿನಕ್ಕೆ ಹತ್ತು ಶಬ್ದ ಬಾಯಿಪಾಠ ಮಾಡುತ್ತಿದ್ದೆ. ಇಳಿಯುವಷ್ಟರಲ್ಲಿ ನಾಲ್ಕು ಉಳಿದಿರುತ್ತಿದ್ದವು, ತರಗತಿಯ ಬಾಗಿಲಲ್ಲಿ ಅವೂ ಇಲ್ಲ. ನನಗೇ ಬಾರದ್ದನ್ನು ಮಕ್ಕಳಿಗೆ ಏನಂತ ಕಲಿಸಲಿ? ಅವರೂ ನನ್ನ ಹಾಗೆಯೇ ಕಣ್ಣು ಮುಚ್ಚಿ ಗಿಣಿಪಾಠ ಒಪ್ಪಿಸಿ, ಮರುದಿನ ನನ್ನ ಹಾಗೆಯೇ ಮರೆತು ಬರುತ್ತಿದ್ದರು.

ಅದೇ ವರ್ಷ ಸುಗ್ಗಿಯಲ್ಲಿ ನೀವು ಮತ್ತೆ ಬಂದಿರಿ. ಎತ್ತು ಹೋಗಿ ಮೊಮ್ಮಗನ ಮೋಟರ್ ಸೈಕಲ್ ಬಂದಿತ್ತು, ಗಂಟು ಮಾತ್ರ ಅದೇ. ನಾನೂ ರಜೆಯೆಂದು ಮನೆಯಲ್ಲಿದ್ದೆ. ಚಹಾ ಕೊಡುತ್ತ, ತಡೆಯಲಾರದೆ ಕೇಳಿದೆ: "ಅಜ್ಜಾ, ಇಷ್ಟ ಊರಿನ ಇಷ್ಟ ಹೆಸರ ಹ್ಯಾಂಗ ನೆನಪ ಇಡ್ತೀರಿ? ನನಗ ಹತ್ತ ಶಬ್ದ ನಿಲ್ಲವಲ್ಲವು."

ನೀವು ಬಸಿಯಲ್ಲಿ ಚಹಾ ಸುರಿದುಕೊಂಡು ನಕ್ಕಿರಿ. "ಹೆಸರ ಯಾರ ನೆನಪ ಇಡ್ತಾರ ಯವ್ವಾ? ನಾ ಮನಿ ನೆನಪ ಇಡ್ತೇನಿ. ಮನಿ ಹೊಕ್ಕೆ ಅಂದ್ರ ಮಂದಿ ತಾವ ಎದ್ದ ಬರ್ತಾರ. ಇಂವಾ ಯಾರ ಮಗಾ, ಆಕಿ ಯಾವ ಊರಿಗಿ ನಡದ್ಲು, ಹೋದಲ್ಲಿ ಏನ ಆದ್ಲು, ಅದನ್ನ ಕೇಳ್ಕೋತ ಹೋಗಬೇಕ. ಒಂಟಿ ಹೆಸರ ತಲ್ಯಾಗ ನಿಲ್ಲಂಗಿಲ್ಲ."

ನೀವು ಬಸಿ ಕೆಳಗಿಟ್ಟು ಇನ್ನೊಂದು ಮಾತು ಸೇರಿಸಿದಿರಿ. "ಆದ್ರ ಹೆಸರ ಒಂದೇ ನಮೂನಿ ಕೇಳಸ್ತೈತಿ ಅಂತ ಮನಿ ಒಂದ ಮಾಡಬ್ಯಾಡ. ಹೋಗಿ ಕೇಳಬೇಕ, ಹೇಳವ್ರ ಸಿಕ್ಕ ಮ್ಯಾಲೇ ಬರೀಬೇಕ." ಮೊದಲ ಮಾತನ್ನು ಹಿಡಿದುಕೊಂಡು ನಾನು ಸಿಂದಗಿಗೆ ಓಡಿದೆ. ಎರಡನೆಯದನ್ನು ಕಟ್ಟೆಯ ಮೇಲೆಯೇ ಬಿಟ್ಟು ಹೋಗಿದ್ದೆ, ಅಜ್ಜಾ.

ಮರು ವಾರ ಕರಿ ಹಲಗೆಯ ಮೇಲೆ ಒಂದು ಮನೆ ಬರೆದೆ. ಬಾಗಿಲಿನ ಮೇಲೆ 'ಪೋರ್ಟ್' ಎಂದು ಬರೆದು, ಇದು ಹೊರುವವರ ಮನೆತನ, ಮೂಲ ಊರು ಲ್ಯಾಟಿನ್ ಅಂದೆ. ಹೊತ್ತು ತರುವವನು ಪೋರ್ಟರ್. ಹೊರಗೆ ಹೊತ್ತೊಯ್ದರೆ ಎಕ್ಸ್‌ಪೋರ್ಟ್, ಒಳಗೆ ತಂದರೆ ಇಂಪೋರ್ಟ್, ಆಚೆ ದಾಟಿಸಿದರೆ ಟ್ರಾನ್ಸ್‌ಪೋರ್ಟ್, ಸುದ್ದಿಯನ್ನು ಹೊತ್ತು ತಿರುಗಿ ತಂದರೆ ರಿಪೋರ್ಟ್. ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವರು ಎದ್ದು ಕುಳಿತರು. ಮರುದಿನ ನೋಡುವವರ ಮನೆ, 'ಸ್ಪೆಕ್ಟ್'. ಒಳಹೊಕ್ಕು ನೋಡುವವನು ಇನ್‌ಸ್ಪೆಕ್ಟರ್, ಕೆಳಗಣ್ಣಿನಿಂದ ನೋಡುವುದು ಸಸ್ಪೆಕ್ಟ್, ಹೊರಳಿ ನೋಡುವುದು ರಿಸ್ಪೆಕ್ಟ್. ಮಹಾದೇವಿ ಎಂಬ ಹುಡುಗಿ ಎದ್ದು ನಿಂತು, "ಅಕ್ಕೋರ, ನಮ್ಮ ಮುತ್ಯಾ ದಾರ್‍ಯಾಗ ಹೊಂಟ್ರ ಮಂದಿ ಹೊರಳಿ ನೋಡ್ತಾರ. ಅದ ಏನ್ರಿ ರಿಸ್ಪೆಕ್ಟ್?" ಅಂದಳು. ನನ್ನ ಮೈ ಜುಮ್ಮೆಂದಿತು. ಎಲ್ಲಿಯ ಲ್ಯಾಟಿನ್, ಎಲ್ಲಿಯ ಮಹಾದೇವಿಯ ಮುತ್ಯಾ!

ಸಕ್ಕರೆಯ ದಿನವನ್ನಂತೂ ನಾನು ಸಾಯುವವರೆಗೆ ಮರೆಯುವುದಿಲ್ಲ. ಸಾಲಿಯ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಫ್ಯಾಕ್ಟರಿಗೆ ಹೊರಟಿದ್ದವು, ಹಾಡಿನ ಗದ್ದಲದಲ್ಲಿ ಪಾಠ ಕೇಳುತ್ತಿರಲಿಲ್ಲ. ಸಿಟ್ಟಿಗೆದ್ದು, ಸರಿ, ಇವತ್ತು ಶುಗರ್ ಯಾರ ಮನೆಯವಳು ನೋಡೋಣ ಅಂದೆ. ಫ್ರೆಂಚರ ಮನೆಯಿಂದ ಇಂಗ್ಲಿಷರ ಮನೆಗೆ ಬಂದವಳು. ಅದಕ್ಕೂ ಮೊದಲು ಇಟಲಿ, ಅದಕ್ಕೂ ಮೊದಲು ಅರಬರು, ಅವರಿಗಿಂತ ಮೊದಲು ಪರ್ಷಿಯಾದವರು. ಅಲ್ಲಿಂದ ಹಿಂದೆ? ನಮ್ಮ ಶರ್ಕರೆ. ನಾವು ಸಕ್ಕರಿ ಅನ್ನುವವಳೇ. ಒಂದೊಂದು ದೇಶದಲ್ಲಿ ಒಂದೊಂದು ಉಡುಪು ಉಟ್ಟು, ಸಮುದ್ರ ಸುತ್ತಿ, ತವರಿಗೆ ಬಂದು ನಿಂತರೆ ನಾವು ಪರದೇಶದವಳೆಂದು ಹೆದರಿ ಎದ್ದು ನಿಂತಿದ್ದೇವೆ! ಅವತ್ತಿನಿಂದ ನನಗೆ ಆ ಭಾಷೆಯ ಹೆದರಿಕೆ ಹೋಯಿತು. ಇದನ್ನು ನಿಮಗೆ ಹೇಳಬೇಕೆಂದು ಎಷ್ಟು ಸಲ ಅಂದುಕೊಂಡೆ. ನೀವು ಬಂದಾಗ ನಾನು ಸಾಲಿಯಲ್ಲಿ, ನಾನು ಮಸೂತಿಗೆ ಹೋದಾಗ ನೀವು ಬೇರೆ ಊರಲ್ಲಿ. ಮುಂದಿನ ಸುಗ್ಗಿಗೆ ಹೇಳಿದರಾಯಿತು ಅಂತ...

ಹದಿನೈದು ವರ್ಷ ಹೀಗೆ ನಡೆಯಿತು. ತಾಲೂಕಿನಲ್ಲಿ ಹೆಸರಾದೆ, ಬೇರೆ ಸಾಲಿಯವರು ಬಂದು ನನ್ನ ಪಾಠ ಕೇಳಿ ಹೋದರು, ನನ್ನ ತಲೆಯೂ ಸ್ವಲ್ಪ ತಿರುಗಿತು ಅನ್ನಿ. ಕಳೆದ ತಿಂಗಳು ಒಂದು ಮಧ್ಯಾಹ್ನ ಫೋನಿನಲ್ಲಿ ಶಬ್ದಮೂಲದ ಕೋಶ ತೆರೆದು ಇನ್ನೇನೋ ಹುಡುಕುತ್ತಿದ್ದೆ. 'ಫೀಮೇಲ್' ಕಣ್ಣಿಗೆ ಬಿತ್ತು. ಪ್ರತಿ ವರ್ಷ ನಾನು 'ಮೇಲ್' ಎಂಬ ಮನೆ ಬರೆದು, ಫೀಮೇಲ್ ಅದೇ ಮನೆಯ ಹೆಣ್ಣುಮಗಳು, ಗಂಡಸಿನ ಹೆಸರಿನಿಂದಲೇ ಹುಟ್ಟಿದವಳು ಎಂದು ಕಲಿಸುತ್ತಿದ್ದೆ. ಕೋಶ ಬೇರೆಯೇ ಹೇಳುತ್ತಿತ್ತು. ಎರಡಕ್ಕೂ ಸಂಬಂಧವೇ ಇಲ್ಲ. ಆಕೆಯದು ಲ್ಯಾಟಿನ್ನಿನ ಬೇರೆ ಮನೆತನ, ಹಾಲೂಡಿಸುವುದು ಎಂಬ ಅರ್ಥದ ತೀರ ಹಳೆಯ ಮೂಲ. ಇಂಗ್ಲಿಷಿಗೆ ಬಂದ ಮೇಲೆ ಜನ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿ, ಹೆಣ್ಣಿನ ಹೆಸರನ್ನು ಗಂಡಿನ ಹೆಸರಿಗೆ ಹೊಂದುವ ಹಾಗೆ ತಿದ್ದಿಬಿಟ್ಟರಂತೆ. ನಾನು ಯಾರನ್ನು ಕೇಳಿದ್ದೆ? ಯಾರನ್ನೂ ಇಲ್ಲ. ಒಂದೇ ನಮೂನೆ ಕೇಳಿಸುತ್ತದೆಂದು ಒಂದೇ ಮನೆಗೆ ಹೊಗಿಸಿದ್ದೆ, ಹದಿನೈದು ತಂಡದ ಮಕ್ಕಳ ಮುಂದೆ, ಎದೆ ಉಬ್ಬಿಸಿ. ಅವಮಾನದಿಂದ ಕಿವಿ ಬಿಸಿಯಾದವು. ಗೊತ್ತಿಲ್ಲದೆ ಕಲಿಸಿದ್ದು ಇದೊಂದಿದ್ದರೆ, ಇಂಥವು ಇನ್ನೆಷ್ಟು ಇರಬೇಕು? ಇಂಗ್ಲಿಷ್ ಕಲಿಸುವುದು ನನ್ನಿಂದ ಆಗದು, ನನಗೆ ನನ್ನ ಸಮಾಜ ವಿಜ್ಞಾನವೇ ಸಾಕು ಎಂದು ಅರ್ಜಿ ಬರೆದೆ. ಕೊಡುವ ಮುಂಚೆ ನಿಮ್ಮ ಮುಂದೆ ಕುಳಿತು ಒಮ್ಮೆ ಅತ್ತುಬಿಡಬೇಕು ಅನ್ನಿಸಿತು.

ಅರ್ಜಿಯನ್ನು ಚೀಲದಲ್ಲಿಟ್ಟುಕೊಂಡೇ ಮುದ್ದೇಬಿಹಾಳದ ಬಸ್ಸು ಹತ್ತಿದೆ. ಅಲ್ಲಿಂದ ನಿಮ್ಮ ಹಳ್ಳಿಗೆ ಟಂಟಂ ಗಾಡಿ. ಬಾಗಿಲಲ್ಲಿ ನಿಮ್ಮ ಸೊಸೆ ಶಾಂತವ್ವ ತೊಗರಿ ಹಸನು ಮಾಡುತ್ತಿದ್ದಳು. ನಿಮ್ಮ ಹೆಸರೆತ್ತಿದ ಕೂಡಲೇ ಮೊರ ಕೆಳಗಿಟ್ಟಳು. "ಮಾವಾರ ಹೋಗಿ ನಾಕ ತಿಂಗಳಾತ್ರಿ ಅಕ್ಕಾರ. ಊರ ಊರಿಗಿ ಹ್ಯಾಂಗ ಹೇಳಿ ಕಳಸೂದ್ರಿ, ಎಲ್ಲಾ ಊರೂ ಅವರವ." ನಾನು ಕಟ್ಟೆಯ ಮೇಲೆ ಕುಳಿತೆ. ಮೂವತ್ತೆಂಟು ವರ್ಷದಿಂದ ನಮ್ಮ ಮನೆಯ ಸತ್ತವರನ್ನೆಲ್ಲ ಜೀವಂತ ಇಟ್ಟವರು ನೀವು. ನೀವು ಹೋದದ್ದು ನಮಗೆ ಗೊತ್ತೇ ಆಗಲಿಲ್ಲವಲ್ಲ ಅಜ್ಜಾ.

ಶಾಂತವ್ವ ನೀರು ಕೊಟ್ಟು, ಒಳಗಿನಿಂದ ಗಂಟು ತಂದು, ಮಸೂತಿಯ ಹಾಳೆ ತೆಗೆದು ತೋರಿಸಿದಳು. ನಮ್ಮ ಮುತ್ಯಾನ ಮುತ್ಯಾನ ಹೆಸರಿನ ಪಕ್ಕ ಇನ್ನೊಂದು ಹೆಸರು ಅಡ್ಡಗೆರೆ ಎಳೆಸಿಕೊಂಡಿತ್ತು. ಅದರ ಕೆಳಗೆ ನಿಮ್ಮ ಅಕ್ಷರ: 'ಇದು ನನ್ನ ತಪ್ಪು. ಎರಡೂ ಮನೆಗೆ ಹೋಗಿ ಹೇಳಿ ಬಂದೆ.' ನೀವೂ ತಪ್ಪಿದ್ದಿರಾ? "ಒಂದೇ ಹೆಸರಿನ ಇಬ್ಬರನ ಒಂದ ಮನಿಗಿ ಬರದಿದ್ರಂತ್ರಿ," ಅಂದಳು ಶಾಂತವ್ವ. "ಗೊತ್ತಾದ ದಿನ ಊಟಾ ಸೇರಲಿಲ್ಲ ಅವರಿಗಿ. ಬ್ಯಾಸಗಿ ಬಿಸಲಾಗ ನಡಕೋತ ಹೋದ್ರು. ಯಾರ ಬ್ಯಾಡಂದ್ರೂ ಕೇಳಲಿಲ್ಲ. ನಾ ಸತ್ತ ಮ್ಯಾಲ ಈ ಪುಸ್ತಕಾನ ಖರೇ ಅಂತಾರ, ಅಂದ್ರು." ಆಗ ನನಗೆ ಒಂದು ಮಧ್ಯಾಹ್ನ ನೆನಪಾಯಿತು. ನಾನು ಚಿಕ್ಕವಳಿದ್ದಾಗ ನೀವೊಮ್ಮೆ ಸುಗ್ಗಿಯಲ್ಲದ ಕಾಲದಲ್ಲಿ, ಒಬ್ಬರೇ, ಬೆವತು ಬಂದು, ಮುತ್ಯಾನ ಮುಂದೆ ನಿಂತುಕೊಂಡೇ ನಾಲ್ಕು ಮಾತಾಡಿ, ಅವ್ವ ತಂದ ಜೋಳ ಮುಟ್ಟದೆ ಹೊರಟುಹೋಗಿದ್ದಿರಿ. ಅದಕ್ಕೇನಾ? ಆ ಬಿಸಿಲು, ಆ ದೂರ, ಒಂದು ಹೆಸರಿಗಾಗಿ! ನಿಮ್ಮ ನೆನಪಿನ ಶಕ್ತಿಗೆ ಬೆರಗಾಗಿ ಬೆಳೆದವಳು ನಾನು. ಆ ಅಡ್ಡಗೆರೆಯ ಮುಂದೆ ಆದ ಬೆರಗು ಅದಕ್ಕಿಂತ ದೊಡ್ಡದು. ಹಿಂದಿರುಗುವಾಗ ಬಸ್ಸಿನಲ್ಲೇ ಅರ್ಜಿ ಹರಿದೆ.

ಸೋಮವಾರ ತರಗತಿಗೆ ಹೋಗಿ, ನಾನು ನಿಮಗೆ ತಪ್ಪು ಕಲಿಸಿದ್ದೇನೆ ಅಂದೆ. ನಗುತ್ತಾರೆ ಅಂದುಕೊಂಡಿದ್ದೆ, ಯಾರೂ ನಗಲಿಲ್ಲ. ಎಲ್ಲರೂ ವಹಿ ತೆಗೆದು ಫೀಮೇಲ್‌ಗೆ ಅಡ್ಡಗೆರೆ ಎಳೆದರು. ಇನ್ನು ಮುಂದೆ ಗೊತ್ತಿಲ್ಲದ ಶಬ್ದಕ್ಕೆ ಗೊತ್ತಿಲ್ಲ ಎಂದೇ ಹೇಳುತ್ತೇನೆ, ಎಲ್ಲರೂ ಕೂಡಿ ಹುಡುಕೋಣ ಅಂದೆ. ಪೀಠ ಬಿಟ್ಟು ಇಳಿಯುವಾಗ ಮೊದಲ ಸಾಲಿನ ಹುಡುಗಿ ಮೆಲ್ಲಗೆ ಕೇಳಿದಳು: "ಅಕ್ಕೋರ, ನಮಗೇನೋ ಹೇಳಿದ್ರಿ. ಹಿಂದ ಕಲತ ಹೋದವ್ರಿಗಿ ಯಾರ ಹೇಳ್ತಾರ್ರಿ?"

ಕಳೆದ ರವಿವಾರ ಇಂಡಿಗೆ ಹೋಗಿದ್ದೆ, ಅಜ್ಜಾ. ಮಹಾದೇವಿಯನ್ನು ಅಲ್ಲಿಗೇ ಕೊಟ್ಟಿದ್ದಾರೆ, ಲಿಂಬೆಯ ತೋಟದ ಮನೆ. ಹೊರಗೆ ಕಾಯಿ ಆರಿಸುತ್ತಿದ್ದವಳು ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು ಓಡಿ ಬಂದಳು. ಬಂದ ಕಾರಣ ಹೇಳಿದೆ. "ಇಷ್ಟಕ್ಕ ಇಂಡಿತನಾ ಬಂದ್ರ್ಯಾ ಅಕ್ಕೋರ? ಒಂದ ಫೋನ್ ಮಾಡಿದ್ರ ಆಗತಿತ್ತಲ್ಲ" ಎಂದು ನಕ್ಕಳು. ಆಮೇಲೆ ಅವಳ ನಗು ನಿಂತಿತು. ಒಳಗೆ ಕರೆದೊಯ್ದು ಗೋಡೆ ತೋರಿಸಿದಳು. ಎಂಟು ವರ್ಷದ ಅವಳ ಮಗಳು ಭಾಗ್ಯಾ ಅವ್ವನ ಹಳೆಯ ವಹಿ ನೋಡಿ ಸೀಮೆಸುಣ್ಣದಲ್ಲಿ ಸಾಲಾಗಿ ಮನೆಗಳನ್ನು ಬರೆದಿದ್ದಳು. ಮೂರನೆಯದು ಮೇಲ್‌ನ ಮನೆ. ಒಳಗೆ ಒಂದು ಮೂಲೆಯಲ್ಲಿ ಚಿಕ್ಕದಾಗಿ ಫೀಮೇಲ್. ನನ್ನ ತಪ್ಪು ನನಗಿಂತ ಮೊದಲೇ ಇಂಡಿಗೆ ಬಂದು ಒಂದು ತಲೆಮಾರು ದಾಟಿತ್ತು.

ಉಳಿದವರ ಊರುಗಳನ್ನು ಕೇಳಿ ಬರೆದಿಟ್ಟುಕೊಂಡಿದ್ದೇನೆ. ಬರುವ ರವಿವಾರ ಬಸವನ ಬಾಗೇವಾಡಿಯಲ್ಲಿ ಇಬ್ಬರಿದ್ದಾರೆ, ಆಮೇಲೆ ಸಿಂದಗಿಯ ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟವನೊಬ್ಬ. ಎಲ್ಲರೂ ಸಿಗಲಾರರು. ಕಾಲು ನಡೆಯುವವರೆಗೆ ಹೋಗುತ್ತೇನೆ, ಇದು ನಿಮಗೆ ಕೊಟ್ಟ ಮಾತು.

ಭಾಗ್ಯಾಳಿಗೆ ನೆಲದ ಮೇಲೆ ಕುಳಿತು ಎಲ್ಲ ತಿಳಿಸಿ ಹೇಳಿದೆ. ಅವಳು ಅಂಗೈಯಿಂದ ಆ ಹೆಸರನ್ನು ಒರೆಸಿ, ಸೀಮೆಸುಣ್ಣ ಹಿಡಿದು ನನ್ನ ಮುಖ ನೋಡಿದಳು.

"ಹಂಗಾರ ಮೊದಲ ಆಕಿ ಯಾರ ಮನ್ಯಾಗ ಇದ್ಲರಿ?"

"ತನ್ನ ಮನ್ಯಾಗ," ಅಂದೆ.

ಬಾಗಿಲಿಗೆ ಒರಗಿ ನಿಂತಿದ್ದ ಮಹಾದೇವಿ ಬಂದು ಮಗಳ ಪಕ್ಕ ಕುಳಿತುಕೊಂಡಳು. "ಇನ್ನೊಮ್ಮೆ ಹೇಳ್ರಿ ಅಕ್ಕೋರ" ಅಂದಳು.

ನಿಮ್ಮ,
ಮಸೂತಿಯ ಸುಮಂಗಲಾ